ಬಲಗಡೆ ಹೋದ ಚೀಟಿ

ನನಗೆ ಕೆಲಸ ಸಿಕ್ಕಿದೆ ಎಂಬ ಸುದ್ದಿ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ನನಗೇ.

ಭಾನುವಾರದ ಆರಾಧನೆ ಮುಗಿದು ಜನ ಚರ್ಚಿನ ಅಂಗಳದಲ್ಲಿ ನಿಂತು ಹರಟುತ್ತಿದ್ದರು. ಹಾಡುವ ತಂಡದ ಆಂಟಿಯೊಬ್ಬರು ನೇರವಾಗಿ ನನ್ನ ಬಳಿ ಬಂದು, ಎರಡೂ ಕೈ ಹಿಡಿದು ಬಾವಿಯಿಂದ ನೀರು ಸೇದುವ ಹಾಗೆ ಜಗ್ಗಿದರು.

"ದೇವರಿಗೆ ಸ್ತೋತ್ರ ಕಣಮ್ಮಾ! ಅಂತೂ ಕೆಲಸ ಸಿಕ್ತಲ್ಲ!"

"ಯಾರಿಗೆ ಆಂಟಿ?"

"ಅಯ್ಯೋ, ಇವಳ ತಮಾಷೆ ನೋಡ್ರೇ! ಬೋರ್ಡಲ್ಲಿ ಹಾಕಿದ್ದಾರಲ್ಲೇ!"

ನಮ್ಮ ಚರ್ಚಿನ ಪಡಸಾಲೆಯಲ್ಲಿ ಹಸಿರು ಬಟ್ಟೆ ಹೊದಿಸಿದ ದೊಡ್ಡ ಬೋರ್ಡೊಂದಿದೆ. ನಟ್ಟನಡುವೆ ಒಂದು ಬಿಳಿ ಪಟ್ಟಿ. ಪಟ್ಟಿಯ ಎಡಗಡೆ 'ವಿಜ್ಞಾಪನೆ', ಬಲಗಡೆ 'ಸ್ತೋತ್ರ'. ದೇವರಿಂದ ಏನಾದರೂ ಬೇಕಾದವರು ಚೀಟಿ ಬರೆದು ಎಡಗಡೆ ಚುಚ್ಚಬೇಕು. ಬುಧವಾರದ ಪ್ರಾರ್ಥನೆಯಲ್ಲಿ ಅದನ್ನು ಓದಿ ಎಲ್ಲರೂ ಬೇಡಿಕೊಳ್ಳುತ್ತಾರೆ. ಕೇಳಿದ್ದು ಸಿಕ್ಕಿತೋ, ಚೀಟಿ ದೇವರಿಗೆ ಧನ್ಯವಾದವಾಗಿ ಬಲಗಡೆಗೆ ಹೋಗುತ್ತದೆ. ನನ್ನ ಚೀಟಿ ಒಂದೂವರೆ ವರ್ಷದಿಂದ ಎಡಗಡೆಯೇ ಬಿದ್ದುಕೊಂಡಿತ್ತು. 'ಲ್ಯಾಬ್ ಟೆಕ್ನಿಷಿಯನ್ ಪದವಿ ಮುಗಿದಿದೆ, ಕೆಲಸಕ್ಕಾಗಿ ಪ್ರಾರ್ಥಿಸಿ.' ಶಾಯಿ ಮಾಸಿ, ಕಾಗದ ಸೊಟ್ಟಗಾಗಿ, ನನ್ನ ಮುಖದಂತೆಯೇ ಆಗಿತ್ತು. ಈಗ ನೋಡಿದರೆ ಅದೇ ಚೀಟಿ ಬಲಗಡೆಯಲ್ಲಿ, ನಾಲ್ಕು ಮೂಲೆಗೂ ಹೊಸ ಪಿನ್ನು ಹೊಡೆಸಿಕೊಂಡು, ನೆಟ್ಟಗೆ ಕೂತಿದೆ.

ಇದು ಪೆಂಡಿಂಗ್ ತಾತನ ಕೆಲಸ ಎಂದು ಹೇಳಲು ಸಾಕ್ಷಿ ಬೇಕಿರಲಿಲ್ಲ. ತಾತ ನಮ್ಮ ಚರ್ಚಿನ ಸಭೆಯ ಕಾರ್ಯದರ್ಶಿ. ಮೂವತ್ತನಾಲ್ಕು ವರ್ಷ ಯಾವುದೋ ಕಚೇರಿಯ ದಾಖಲೆ ವಿಭಾಗದ ಮುಖ್ಯಸ್ಥರಾಗಿದ್ದವರು. ತಮ್ಮ ವಿಭಾಗದಲ್ಲಿ ಒಂದೇ ಒಂದು ಫೈಲೂ ವರ್ಷ ದಾಟಿ ಪೆಂಡಿಂಗ್ ಉಳಿದದ್ದಿಲ್ಲ ಎಂದು ಅವರು ಹೇಳದ ದಿನವಿಲ್ಲ. ಆ ಫೈಲುಗಳು ಹೇಗೆ ಮುಗಿದವೆಂದು ಫೈಲಿನೊಳಗಿದ್ದ ಜನರನ್ನೇ ಕೇಳಬೇಕು. ನಿವೃತ್ತರಾದ ಮೇಲೆ ಅವರಿಗೆ ಸಿಕ್ಕಿದ್ದು ಈ ಬೋರ್ಡು. ಪ್ರತಿ ವರ್ಷ, ಹೊಸದಾಗಿ ಪದವಿ ಪಡೆದವರನ್ನು ಹರಸುವ ಪದವೀಧರರ ಭಾನುವಾರ, ಅವರು ಸಭೆಯ ವಾರ್ಷಿಕ ವರದಿ ಓದುತ್ತಾರೆ. ಹೋದ ವರ್ಷ ಬಂದ ವಿಜ್ಞಾಪನೆ ಐವತ್ತೆರಡು, ಉತ್ತರ ಸಿಕ್ಕಿದ್ದು ಐವತ್ತೆರಡು; ಆಗಿನ್ನೂ ವರ್ಷ ತುಂಬಿರದ ನನ್ನ ಚೀಟಿಯನ್ನು ಈ ವರ್ಷದ ಲೆಕ್ಕಕ್ಕೆ ಹಾಕಿದ್ದರು. ಪರಲೋಕದಲ್ಲೂ ಇಷ್ಟು ಚುರುಕಾದ ಕಚೇರಿ ಇದೆಯೋ ಇಲ್ಲವೋ.

ನನ್ನ ಪಿತ್ತ ನೆತ್ತಿಗೇರಿತು. ಆದರೆ ಅದು ಇಳಿಯುವ ಮೊದಲೇ ಹಿಂದಿನಿಂದ ಇನ್ನೊಂದು ದನಿ ಬಂತು.

"ಎಲ್ಲಿ ಸೇರ್ಕೊಂಡೆಯಮ್ಮಾ?"

ಲ್ಯಾಬ್ ಅಂಕಲ್. ಬಸ್ ನಿಲ್ದಾಣದ ಪಕ್ಕ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟುಕೊಂಡಿರುವವರು, ಸಭೆಯ ಹಿರಿಯರಲ್ಲಿ ಒಬ್ಬರು. ಅವರ ಮೇಜಿನ ಮೇಲೆ ನನ್ನ ಅರ್ಜಿಗಳು ಮೂರಿವೆ.

"ಒಳ್ಳೇದಾಯ್ತು ಬಿಡು" ಎಂದರು ಅವರು, ನನ್ನ ಉತ್ತರಕ್ಕೂ ಕಾಯದೆ. "ನಮ್ಮಲ್ಲಿ ರಕ್ತ ತೆಗೀತಿದ್ದವಳು ಬಿಟ್ಟು ಹೋದ್ಳು. ನಿನ್ನನ್ನೇ ಕರೆಯೋಣ ಅಂತಿದ್ದೆ. ಬೋರ್ಡ್ ನೋಡಿ, ಸರಿ, ಇವಳದ್ದು ಆಯ್ತಲ್ಲ ಅಂತ ಬೇರೆ ಹುಡುಗಿಗೆ ಹೇಳಿ ಕಳಿಸಿದೆ."

ಒಂದೂವರೆ ವರ್ಷ ನಾನು ಯಾವ ಬಾಗಿಲು ತಟ್ಟಿದ್ದೆನೋ ಅದು ತೆರೆದಿದೆ, ಚೀಟಿ ಬಲಗಡೆಗೆ ಹೋದ ಕಾರಣಕ್ಕೇ ಇನ್ನೊಬ್ಬಳು ಒಳಗೆ ಕಾಲಿಡುತ್ತಿದ್ದಾಳೆ.

"ಅಂಕಲ್, ನಂಗೆ ಎಲ್ಲೂ ಕೆಲಸ ಸಿಕ್ಕಿಲ್ಲ."

"ಬೋರ್ಡಲ್ಲಿ ಇದೆಯಲ್ಲಮ್ಮಾ."

"ಬೋರ್ಡು ಸಂಬಳ ಕೊಡುತ್ತಾ ಅಂಕಲ್?"

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಮೆಲ್ಲಗೆ ಮಾತಾಡು. ಈ ವರ್ಷದ ವರದಿಗೆ ನಾನೂ ಸಹಿ ಹಾಕಿದ್ದೀನಿ. ಈಗ ನಿನ್ನನ್ನ ಸೇರಿಸ್ಕೊಂಡ್ರೆ ಜನ ಕೇಳಲ್ವಾ, ಹಾಗಾದ್ರೆ ಸ್ತೋತ್ರ ಮಾಡಿದ್ದು ಯಾವುದಕ್ಕೆ ಅಂತ? ಮೊದ್ಲು ತಾತನ ಹತ್ರ ಅದನ್ನ ಸರಿಮಾಡಿಸ್ಕೊಂಡು ಬಾ. ಆ ಹುಡುಗಿ ಇನ್ನೂ ಹ್ಞೂಂ ಅಂದಿಲ್ಲ."

ಮನೆಗೆ ಬಂದರೆ ಅಮ್ಮ ಮಂಚದ ಮೇಲೆ ಬಟ್ಟೆ ಮಡಚುತ್ತ ಕೂತಿದ್ದಳು. ಅಮ್ಮ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಹಾಸಿಗೆ ಬಟ್ಟೆ ಎಣಿಸುವವಳು. ಮನೆಯ ಬಟ್ಟೆಯನ್ನೂ ಅದೇ ಅಳತೆಗೆ ಮಡಚುತ್ತಾಳೆ.

"ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದೆ.

"ನಿನ್ನೆ ಅಂಗಡಿ ಹತ್ರ ಇಬ್ಬರು ಹೇಳಿದ್ರು."

"ನೀನೇನಂದೆ?"

"ನಿಮ್ಮ ಪ್ರಾರ್ಥನೆಯಿಂದಲೇ ಅಂದೆ."

"ಅಮ್ಮಾ!"

"ಮತ್ತೇನನ್ಲೇ? ಸುಳ್ಳು, ನನ್ನ ಮಗಳು ಇನ್ನೂ ಮನೇಲೇ ಕೂತಿದ್ದಾಳೆ ಅಂತ ನಾಲ್ಕು ಜನರ ಎದುರಿಗೆ ಡಂಗುರ ಹೊಡೀಲಾ? ಒಂದೂವರೆ ವರ್ಷದಲ್ಲಿ ಮೊದಲನೇ ಸಲ ಯಾರೋ ನನ್ನ ನೋಡಿ ಅಯ್ಯೋ ಪಾಪ ಅನ್ನಲಿಲ್ಲ. ಚೆನ್ನಾಗಿತ್ತು ಕಣೇ."

ಊಟಕ್ಕೂ ನಿಲ್ಲದೆ ತಾತನ ಮನೆಗೆ ಹೊರಟೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ವಯಸ್ಸಾದವರು, ಸಭೆಯ ಕಾರ್ಯದರ್ಶಿ ಎಂಬ ಯಾವ ಮರ್ಯಾದೆಯನ್ನೂ ನೋಡದೆ ಬಾಗಿಲಲ್ಲೇ ನಿಂತು ಮುಖದ ನೀರಿಳಿಸುತ್ತೇನೆ ಎಂದುಕೊಂಡಿದ್ದೆ.

ಬಾಗಿಲು ತೆರೆದೇ ಇತ್ತು. ತಾತ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು, ತಮ್ಮ ಹೆಂಡತಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದರು. ಅಜ್ಜಿ ಸೂರು ನೋಡುತ್ತ ಮಲಗಿದ್ದಳು. ಲಕ್ವ ಹೊಡೆದು ಒಂದು ಪಕ್ಕ ಬಿದ್ದು ಹೋಗಿ ಎರಡು ವರ್ಷವಾಗಿತ್ತು. ಮಾತಿಲ್ಲ, ಗುರುತಿಲ್ಲ. ನನಗೆ ನಿಜವಾಗಿ ಆಶ್ಚರ್ಯವಾಯಿತು. ಯಾಕೆಂದರೆ ಅಜ್ಜಿಯ ಚೀಟಿಯನ್ನು ನಾನೇ ನೋಡಿದ್ದೆ. ಹೋದ ವರ್ಷವೇ ಅದು ಬಲಗಡೆಯಲ್ಲಿತ್ತು. ಅಜ್ಜಿ ಎದ್ದು ಓಡಾಡುತ್ತಿರಬೇಕು ಎಂದುಕೊಂಡು, ನಾನೂ ಎಲ್ಲರ ಹಾಗೆ ಒಂದು ಸ್ತೋತ್ರ ಹೇಳಿ ಮರೆತುಬಿಟ್ಟಿದ್ದೆ.

"ಬಾಮ್ಮಾ" ಎಂದರು ತಾತ, ತಲೆ ಎತ್ತದೆ. "ಚೀಟಿ ವಿಷಯ ತಾನೇ?"

"ತಾತಾ, ನಂಗೆ ಕೆಲಸ ಸಿಕ್ಕಿಲ್ಲ."

"ಗೊತ್ತು."

"ಗೊತ್ತಿದ್ದೂ ಹಾಕಿದ್ರಾ?"

"ವಿಶ್ವಾಸದಿಂದ ಹಾಕಿದೆ. ಸಿಕ್ಕ ಮೇಲೆ ಸ್ತೋತ್ರ ಮಾಡೋಕೆ ಯಾರಿಗೆ ಬರಲ್ಲ ಹೇಳು? ಸಿಗೋ ಮುಂಚೆ ಮಾಡೋದು ವಿಶ್ವಾಸ. ನಾವು ಮುಗೀತು ಅಂತ ಬರೆದ ಮೇಲೆ ಮೇಲಿನವರು ಮುಗಿಸ್ಲೇಬೇಕು."

ದೇವರಿಗೇ ನೋಟೀಸು ಕೊಟ್ಟ ಹಾಗೆ ಹೇಳಿದರು. ನಾನು ಲ್ಯಾಬಿನ ವಿಷಯ ಬಿಡಿಸಿ ಹೇಳಿದೆ. ಚೀಟಿ ವಾಪಸ್ಸು ಎಡಗಡೆ ಹಾಕಿ ಎಂದು ಕೈಮುಗಿದೆ.

"ವರದಿ ಅಚ್ಚಾಗಿ ಬಂದಿದೆಯಮ್ಮಾ. ನಲವತ್ತೊಂದಕ್ಕೆ ನಲವತ್ತೊಂದು. ಒಂದು ಸಲ ಮುಚ್ಚಿದ್ದನ್ನ ನಾನು ಯಾವತ್ತೂ ತೆರೆದಿಲ್ಲ."

"ಅಜ್ಜೀದೂ ಮುಚ್ಚಿದ್ದೀರಲ್ಲ ತಾತಾ. ನೋಡಿ, ಹೀಗೇ ಮಲಗಿದ್ದಾರೆ."

ಕತ್ತರಿ ನಿಂತಿತು. ತಾತ ಅಜ್ಜಿಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಪ್ರತಿ ಬುಧವಾರ ಎದ್ದು ನಿಂತು ಇವಳ ಚೀಟಿ ಓದಬೇಕಿತ್ತು ನಾನು" ಎಂದರು. "ಇನ್ನೂ ಹಾಗೇ ಇದ್ದಾಳೆ, ಇನ್ನೂ ಹಾಗೇ ಇದ್ದಾಳೆ ಅಂತ. ಎಷ್ಟು ವಾರ ಓದ್ಲಿ?"

ಜೋಡಿಸಿಕೊಂಡು ಬಂದಿದ್ದ ಬೈಗುಳ ಅಲ್ಲಿಗೇ ಬಿಟ್ಟೆ. ಕೇಳಿದೆ, "ಮಂಗಳವಾರ ಅಜ್ಜಿಗೆ ಸ್ನಾನ ಮಾಡಿಸೋಕೆ ಮಹಿಳಾ ಸಂಘದವರು ಬರ್ತಿದ್ರಲ್ಲ?"

"ಚೀಟಿ ಬಲಗಡೆ ಹೋದ ಮೇಲೆ ಬರಲಿಲ್ಲ. ವಾಸಿಯಾದವರ ಮನೆಗೆ ಯಾಕೆ ಬರ್ತಾರೆ?" ಅವರು ಇದನ್ನು ದೂರಿನ ಹಾಗೆ ಹೇಳಲಿಲ್ಲ. ನಿಯಮ ಓದಿ ಹೇಳುವ ಹಾಗೆ ಹೇಳಿದರು, ಮತ್ತೆ ಕತ್ತರಿ ಎತ್ತಿಕೊಂಡರು.

ಬರಿಗೈಯಲ್ಲಿ ಮನೆಗೆ ಬಂದೆ. ಮುದುಕನ ಮೇಲೆ ಸಿಟ್ಟು ಹೋಗಿರಲಿಲ್ಲ, ಆದರೆ ಅದನ್ನು ಹಿಡಿದುಕೊಳ್ಳಲು ಜಾಗವೇ ಸಿಗುತ್ತಿರಲಿಲ್ಲ.

ಬುಧವಾರ ಪಾಸ್ಟರ್ ತಮ್ಮ ಕೋಣೆಗೆ ಕರೆಸಿದರು. ಹೋದರೆ ಲ್ಯಾಬ್ ಅಂಕಲ್ ಆಗಲೇ ಕುರ್ಚಿಯಲ್ಲಿದ್ದರು. ನಮ್ಮ ಪಾಸ್ಟರ್ ಒಳ್ಳೆಯವರೇ. ಯಾರ ಮನಸ್ಸೂ ನೋಯಬಾರದು ಎಂಬುದು ಅವರ ಒಂದೇ ಆಸೆ. ಅದಕ್ಕಾಗಿ ಅವರು ಎಷ್ಟು ಸುತ್ತು ಬೇಕಾದರೂ ಹಾಕುತ್ತಾರೆ.

"ಮಗಳೇ, ಈ ಭಾನುವಾರ ಆರು ಜನ ಹೊಸ ಪದವೀಧರರು ಮುಂದಿನ ಸಾಲಲ್ಲಿ ಕೂತಿರ್ತಾರೆ" ಎಂದರು. "ಕಾಲ ಹೇಗಿದೆ ನೀನೇ ನೋಡ್ತಿದ್ದೀಯ. ಎಲ್ಲಿ ನೋಡಿದ್ರೂ ಜನರನ್ನ ಕೆಲಸದಿಂದ ತೆಗೀತಿದ್ದಾರೆ. ಮಕ್ಕಳು ಹೆದರಿದ್ದಾರೆ. ನಾನು ದೇವರು ಬಿರುಗಾಳಿ ನಿಲ್ಲಿಸಿದ, ದೋಣಿ ಉಳಿಸಿದ ಅಂತ ಎಷ್ಟು ಹೇಳಿದ್ರೂ ಪಾಸ್ಟರು ಹೇಳ್ತಾರೆ ಅಂದ್ಕೋತಾರೆ. ಅವರಂಥವಳೇ ಒಬ್ಬಳು ನಿಂತು, ದೇವರು ನನಗೆ ಹೀಗೆ ಮಾಡಿದ ಅಂತ ಸಾಕ್ಷಿ ಹೇಳಬೇಕು. ನೀನು ಹೇಳು."

"ಏನಂತ ಹೇಳ್ಲಿ? ಕೆಲಸ ಸಿಗದವಳ ಸಾಕ್ಷಿ ಏನಿರುತ್ತೆ ಪಾಸ್ಟರ್?"

ಪಾಸ್ಟರ್ ಲ್ಯಾಬ್ ಅಂಕಲ್ ಮುಖ ನೋಡಿದರು. ಲ್ಯಾಬ್ ಅಂಕಲ್ ಮೇಜು ನೋಡಿಕೊಂಡು ಹೇಳಿದರು, "ಆ ಹುಡುಗಿ ಬರಲ್ಲ ಅಂದ್ಳು. ಸೋಮವಾರ ಬೆಳಿಗ್ಗೆ ಏಳಕ್ಕೆ ಬಂದು ಸೇರ್ಕೋ."

"ನೋಡಿದ್ಯಾ?" ಪಾಸ್ಟರ್ ಮುಖ ಅರಳಿತು. "ಸೋಮವಾರ ನಿಜವಾಗೋದನ್ನ ಭಾನುವಾರ ಹೇಳೋದು, ಅಷ್ಟೆ. ಒಂದು ದಿನದ ವ್ಯತ್ಯಾಸ. ತಾತನ ವರದಿಯೂ ಸರಿ, ಅಂಕಲ್ ಸಹಿಯೂ ಸರಿ, ನಿನ್ನ ಕೆಲಸವೂ ಸರಿ."

"ನಾನು ಸಾಕ್ಷಿ ಹೇಳಲ್ಲ ಅಂದ್ರೆ?"

ಲ್ಯಾಬ್ ಅಂಕಲ್ ಮೇಜಿನ ಮೇಲೆ ಇಲ್ಲದ ಧೂಳು ಒರೆಸಿದರು. ನನಗೆ ಅರ್ಥವಾಯಿತು. ಹೇಳುತ್ತೇನೆ ಎಂದೆ. ಬೇರೆ ಯಾರಾದರೂ ಆಗಿದ್ದರೆ ಬೇಡ ಎನ್ನುತ್ತಿದ್ದರೋ ಏನೋ. ಒಂದೂವರೆ ವರ್ಷ ಬೆಳಿಗ್ಗೆ ಎದ್ದು, ಯಾಕೆ ಎದ್ದೆ ಎಂದು ಯೋಚಿಸಿದವಳು ನಾನು. ಹಾಗೆ ಎದ್ದವರು ಯಾರಾದರೂ ಬಂದು ನನಗೆ ಬುದ್ಧಿ ಹೇಳಲಿ, ಕೇಳುತ್ತೇನೆ.

ಭಾನುವಾರ ಅಮ್ಮ ತನ್ನ ಒಳ್ಳೆಯ ಬಟ್ಟೆ ಹಾಕಿಕೊಂಡು ಮೂರನೇ ಸಾಲಿನಲ್ಲಿ ಕೂತಳು. ತಾತ ವರದಿ ಓದಿದರು. ನಲವತ್ತೊಂದಕ್ಕೆ ನಲವತ್ತೊಂದು ಎಂದಾಗ ಜನ ಚಪ್ಪಾಳೆ ತಟ್ಟಿದರು. ಪಾಸ್ಟರ್ ಆರು ಜನರಿಗೂ ಒಂದೊಂದು ಪೆನ್ನು ಕೊಟ್ಟು, ಮುಂದೆ ಏನು ಬರುತ್ತದೋ ಗೊತ್ತಿಲ್ಲದಿದ್ದರೂ ಹೆದರಬೇಡಿ ಎಂದು ನಲವತ್ತು ನಿಮಿಷ ಹೆದರಿಸಿದರು. ಆಮೇಲೆ ನನ್ನನ್ನು ಕರೆದರು.

ಎರಡು ಮಾತಾಡಿ ಇಳಿದುಬಿಡಬೇಕು ಎಂದೇ ಹತ್ತಿದ್ದೆ. ಒಂದೂವರೆ ವರ್ಷ ಕಾದೆ, ದೇವರು ಕೈಬಿಡಲಿಲ್ಲ, ನಾಳೆ ಕೆಲಸಕ್ಕೆ ಸೇರುತ್ತಿದ್ದೇನೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆಮೆನ್ ಎಂದು ಯಾರೋ ಹಿಂದಿನಿಂದ ಕೂಗಿದರು. ಆ ಕೂಗು ತಲೆಗೇರುತ್ತದೆ, ಸ್ವಾಮಿ. ಒಂದೂವರೆ ವರ್ಷ ಯಾರೂ ನನ್ನ ಮಾತಿಗೆ ಆಮೆನ್ ಎಂದಿರಲಿಲ್ಲ. ಮುಂದಿನ ಸಾಲಿನ ತುದಿಯಲ್ಲಿ ಒಬ್ಬಳು ಹುಡುಗಿ ನೋಟ್‌ಬುಕ್ ತೆಗೆದು ನನ್ನ ಮಾತು ಬರೆದುಕೊಳ್ಳುತ್ತಿದ್ದಳು. ನಾನು ಹೇಳಿದ್ದನ್ನು ಬರೆದುಕೊಳ್ಳುವವರೂ ಇದ್ದಾರೆ ಎಂದು ನೋಡಿದ ಮೇಲೆ ನನ್ನ ನಾಲಿಗೆಗೆ ಲಗಾಮು ಉಳಿಯಲಿಲ್ಲ.

"ಎಷ್ಟು ಅರ್ಜಿ ಹಾಕಿದ್ರೂ ಏನೂ ಆಗಲಿಲ್ಲ" ಎಂದೆ. "ಒಂದು ದಿನ ಎಲ್ಲಾ ಬಿಟ್ಟೆ. ಅರ್ಜಿ ಬಿಟ್ಟೆ, ಓಡಾಟ ಬಿಟ್ಟೆ, ಯಾರನ್ನೂ ಕೇಳೋದು ಬಿಟ್ಟೆ. ಸಿಕ್ಕಿದೆ ಅಂತಲೇ ಸ್ತೋತ್ರ ಮಾಡ್ತಾ ಕೂತೆ. ಅದೇ ವಾರ ಕರೆ ಬಂತು!"

ಒಂದಕ್ಷರವೂ ನಿಜವಲ್ಲ. ನಾನು ಅರ್ಜಿ ಹಾಕುವುದನ್ನು ಒಂದು ವಾರವೂ ಬಿಟ್ಟವಳಲ್ಲ. ಜ್ವರದಲ್ಲೂ ಹೋಗಿ ಸಾಲಿನಲ್ಲಿ ನಿಂತವಳು. ಆದರೆ ಚರ್ಚು ಎದ್ದು ನಿಂತಿತು. ಪಾಸ್ಟರ್ ಕಣ್ಣೊರೆಸಿಕೊಂಡರು. ನನ್ನ ಕಥೆಯಲ್ಲಿ ಎಷ್ಟು ನಿಜ ಎಂದು ಚೆನ್ನಾಗಿ ಗೊತ್ತಿದ್ದ ಅಮ್ಮನೂ ಅತ್ತಳು. ಹೆಮ್ಮೆಯಿಂದಲೇ ಅತ್ತಳು.

ಸೋಮವಾರ ಏಳಕ್ಕೆ ಲ್ಯಾಬಿನಲ್ಲಿದ್ದೆ. ಬಿಳಿ ಕೋಟು ಭುಜದಲ್ಲಿ ಸಡಿಲ, ಆದರೂ ಬಿಚ್ಚುವ ಮನಸ್ಸಾಗುತ್ತಿರಲಿಲ್ಲ. ಬೆಳಗಿನ ಎರಡು ಗಂಟೆ ಖಾಲಿ ಹೊಟ್ಟೆಯ ಜನರ ಗಲಾಟೆ. ಹೆಸರು ಕೇಳಬೇಕು, ಪಟ್ಟಿ ಕಟ್ಟಿ ನರ ಹುಡುಕಬೇಕು, ರಕ್ತ ತೆಗೆಯಬೇಕು, ಅವರ ಕಣ್ಣೆದುರೇ ನಳಿಕೆಗೆ ಹೆಸರು ಅಂಟಿಸಬೇಕು. ಮೊದಲೇ ಅಂಟಿಸಿಟ್ಟುಕೊಂಡರೆ ಒಬ್ಬರದು ಇನ್ನೊಬ್ಬರಿಗೆ ಹೋಗುತ್ತದೆ. ನನ್ನ ಕೈ ಚೆನ್ನಾಗಿದೆ ಎಂದು ಜನ ಹೇಳತೊಡಗಿದರು. ಚುಚ್ಚಿದ್ದೇ ಗೊತ್ತಾಗಲಿಲ್ಲ ಎಂದು ಒಬ್ಬ ಲಾರಿ ಚಾಲಕ ಹೇಳಿದ ದಿನ ನಾನು ಮನೆಗೆ ಹಾಡಿಕೊಂಡು ಹೋದೆ. ಮಂಗಳವಾರ ಸಂಜೆಗಳಲ್ಲಿ ಅಮ್ಮ ಮತ್ತು ನಾನು ತಾತನ ಮನೆಗೆ ಹೋಗಿ ಅಜ್ಜಿಗೆ ಸ್ನಾನ ಮಾಡಿಸಿ ಬರುತ್ತಿದ್ದೆವು. ಅಷ್ಟು ಮಾಡಿದ್ದಕ್ಕೆ ನನ್ನ ಸುಳ್ಳು ತೊಳೆದುಹೋಯಿತು ಎಂದು ನನಗೆ ನಾನೇ ಒಪ್ಪಿಸಿಬಿಟ್ಟಿದ್ದೆ.

ನಾಲ್ಕನೇ ವಾರ ಆ ನೋಟ್‌ಬುಕ್ಕಿನ ಹುಡುಗಿ ತನ್ನ ಅಜ್ಜಿಯನ್ನು ಸಕ್ಕರೆ ಪರೀಕ್ಷೆಗೆ ಕರೆದುಕೊಂಡು ಬಂದಳು. ಗಣಿತದಲ್ಲಿ ಪದವಿ ಪಡೆದವಳು. ನನ್ನನ್ನು ನೋಡಿದ್ದೇ ಅವಳ ಮುಖ ಇಷ್ಟಗಲವಾಯಿತು.

"ಅಕ್ಕಾ! ನಿಮ್ಮ ಸಾಕ್ಷಿ ನಾನು ದಿನಾ ಓದ್ತೀನಿ."

ಅಜ್ಜಿಯ ತೋಳಿಗೆ ಪಟ್ಟಿ ಕಟ್ಟುತ್ತ ಕೇಳಿದೆ, "ಏನಾದ್ರೂ ಸಿಕ್ತಾ?"

"ಸಿಕ್ಕಿದೆ ಅಂತಲೇ ಸ್ತೋತ್ರ ಮಾಡ್ತಿದ್ದೀನಿ ಅಕ್ಕಾ." ನಕ್ಕಳು. "ಎರಡು ವಾರದ ಹಿಂದೆ ಒಂದು ಶಾಲೆಯಿಂದ ಕರೆದಿದ್ರು, ಸಂದರ್ಶನಕ್ಕೆ. ಗಣಿತದ ಟೀಚರ್ ಜಾಗ. ಮನೇಲಿ ಹೋಗು ಹೋಗು ಅಂದ್ರು. ನಾನು ಹೋಗಲಿಲ್ಲ."

ಪಟ್ಟಿ ಅರ್ಧಕ್ಕೇ ಬಿಟ್ಟು ಅವಳ ಕಡೆ ತಿರುಗಿದೆ. "ಯಾಕೆ?"

"ನೀವೇ ಹೇಳಿದ್ರಲ್ಲ ಅಕ್ಕಾ, ಓಡಾಟ ಬಿಟ್ಟ ವಾರವೇ ಕರೆ ಬಂತು ಅಂತ. ನಾನು ಹೋದ್ರೆ ವಿಶ್ವಾಸ ಇಲ್ಲ ಅಂತಾಗಲ್ವಾ?"

ಅಜ್ಜಿಯ ರಕ್ತ ತೆಗೆದು, ಹತ್ತಿ ಒತ್ತಿ, ಹೆಸರು ಅಂಟಿಸಿ, ಹುಡುಗಿಯನ್ನು ಗೋಡೆಯ ಕಡೆ ಎಳೆದುಕೊಂಡು ಹೋದೆ. ನಾನು ಹೇಳಿದ್ದು ಸುಳ್ಳು ಎಂದೆ. ಅರ್ಜಿ ಬಿಟ್ಟದ್ದು ಸುಳ್ಳು, ಕರೆ ಬಂದದ್ದು ಸುಳ್ಳು, ಅವತ್ತು ನನಗೆ ಕೆಲಸವೇ ಇರಲಿಲ್ಲ, ಸಾಕ್ಷಿ ಹೇಳದಿದ್ದರೆ ಕೊಡುತ್ತಲೂ ಇರಲಿಲ್ಲ ಎಂದೆ. ಅವಳು ತಲೆ ಓರೆ ಮಾಡಿ, ನನ್ನನ್ನು ಇನ್ನೂ ಪ್ರೀತಿಯಿಂದ ನೋಡಿದಳು.

"ನಿಮ್ಮ ದೊಡ್ಡತನ ಅಕ್ಕಾ. ಹೊಗಳಿದ್ರೆ ನಿಮಗೆ ಹಿಡಿಸಲ್ಲ ಅಂತ ಪಾಸ್ಟರ್ ಹೇಳಿದ್ರು."

ಇನ್ನು ಮಾತಾಡಿ ಪ್ರಯೋಜನವಿಲ್ಲ ಎನಿಸಿತು. ಅವಳ ಫೋನು ಕಿತ್ತುಕೊಂಡು, ಶಾಲೆಯ ನಂಬರು ಹುಡುಕಿಸಿ, ಅವಳ ಎದುರೇ ಕರೆ ಮಾಡಿದೆ. ದನಿ ಅವಳಿಗೂ ಕೇಳುವ ಹಾಗೆ ಇಟ್ಟೆ. ಆ ಕಡೆಯಿಂದ ಒಬ್ಬ ಹೆಂಗಸು ಅವಳ ಹೆಸರು ಕೇಳಿ, ಕಾಗದ ತಿರುವಿ ಹಾಕಿದಳು.

"ಓ, ಆ ಹುಡುಗಿಯಾ? ಅವಳ ಅಂಕಗಳೇ ಎಲ್ಲರಿಗಿಂತ ಜಾಸ್ತಿ ಇತ್ತು. ಅರ್ಧ ಗಂಟೆ ಕಾದ್ವಿ, ಬರಲಿಲ್ಲ. ಆ ಜಾಗಕ್ಕೆ ಹೋದ ಸೋಮವಾರವೇ ಬೇರೆಯವರು ಸೇರಿದ್ರಮ್ಮಾ."

ಹುಡುಗಿ ಫೋನನ್ನೇ ನೋಡುತ್ತ ನಿಂತಳು. ಅವಳ ಮುಖದಿಂದ ನಗು ಒಮ್ಮೆಲೇ ಹೋಗಲಿಲ್ಲ. ಎಲ್ಲಿ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ನನಗೆ ನನ್ನ ಮೇಲೆ ಅಸಹ್ಯವಾಯಿತು.

"ಅರ್ಧ ಗಂಟೆ ಕಾದ್ರಂತೆ" ಎಂದಳು.

"ಕ್ಷಮಿಸಮ್ಮಾ. ನನ್ನ ತಪ್ಪು. ಪೂರ್ತಿ ನನ್ನದೇ."

"ಹಾಗಾದ್ರೆ ನಿಮಗೆ ಅಷ್ಟು ದಿನ ಏನೂ ಸಿಗದಾಗ ನಿಜವಾಗ್ಲೂ ಏನು ಮಾಡಿದ್ರಿ ಅಕ್ಕಾ?"

ಪ್ರಶ್ನೆ ಸರಳವಾಗಿತ್ತು. ಒಂದೂವರೆ ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

"ಅಳ್ತಿದ್ದೆ" ಎಂದೆ. "ದೇವರ ಹತ್ರ ಜಗಳ ಆಡ್ತಿದ್ದೆ, ಬಾಯಿಗೆ ಬಂದ ಹಾಗೆ. ಉತ್ತರ ಬರ್ತಿರಲಿಲ್ಲ. ಆದ್ರೆ ಜಗಳ ಆಡಿದ ದಿನ ಯಾಕೋ ಬೆಳಿಗ್ಗೆ ಎದ್ದು ಹೊರಡೋಕೆ ಆಗ್ತಿತ್ತು. ಎದ್ದು, ಸ್ನಾನ ಮಾಡಿ, ಇನ್ನೊಂದು ಅರ್ಜಿ ಹಾಕಿ ಬರ್ತಿದ್ದೆ. ಅಷ್ಟೇ. ಇದಕ್ಕಿಂತ ಜಾಸ್ತಿ ನಂಗೇನೂ ಗೊತ್ತಿಲ್ಲ."

ಅವಳು ಈ ಸಲ ಬರೆದುಕೊಳ್ಳಲಿಲ್ಲ. ಕಣ್ಣೊರೆಸಿಕೊಂಡು ಹೇಳಿದಳು, "ಇದನ್ನ ಅವತ್ತು ಹೇಳಿದ್ರೆ ನಾನು ಹೋಗಿರ್ತಿದ್ದೆ."

ಬಾಗಿಲ ಬಳಿ ಕೆಮ್ಮಿದ ಸದ್ದಾಯಿತು. ಲ್ಯಾಬ್ ಅಂಕಲ್ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಎಲ್ಲವನ್ನೂ ಕೇಳಿಸಿಕೊಂಡಿದ್ದು ಅವರ ಮುಖದಲ್ಲೇ ಇತ್ತು.

"ಜನ ಕಾಯ್ತಿದ್ದಾರೆ" ಎಂದರು. "ಇಂಥ ಮಾತೆಲ್ಲ ಇಲ್ಲಿ ಬೇಡ. ಹೊರಗೆ ಹೋದ್ರೆ ನನಗೂ ಕಷ್ಟ, ನಿನಗೂ ಕಷ್ಟ. ಆಗಿದ್ದು ಆಯ್ತು. ಇಲ್ಲಿಗೇ ಮುಗಿಸು."

ಬೆಂಚಿನ ಮೇಲೆ ಏಳು ಜನ ತೋಳು ಮಡಚಿಕೊಂಡು ಕೂತಿದ್ದರು. ಈ ಕೋಟು, ಈ ಸೂಜಿ, ಈ ಬೆಳಗು, ಇವೆಲ್ಲ ನನಗೆ ಎಷ್ಟು ಇಷ್ಟವೆಂದು ಆ ಗಳಿಗೆಯಲ್ಲಿ ಗೊತ್ತಾಯಿತು. ಮುಗಿಸಿಬಿಡಲೇ ಎಂದು ಒಂದು ಸಲ ಅನಿಸಿತು. ಸುಳ್ಳು ಹೇಳುವುದಿಲ್ಲ, ಅನಿಸಿತು.

ಹುಡುಗಿ ಅಜ್ಜಿಯ ಕೈ ಹಿಡಿದುಕೊಂಡು ಹೊರಟಿದ್ದವಳು ತಿರುಗಿ ನಿಂತಳು.

"ಅಕ್ಕಾ, ಆ ದಿನ ನಿಮ್ಮ ಸಾಕ್ಷಿ ಕೇಳ್ತಾ ಮುಂದಿನ ಸಾಲಲ್ಲಿ ನಾವು ಆರು ಜನ ಇದ್ವಿ."

ಲ್ಯಾಬ್ ಅಂಕಲ್ ನನ್ನನ್ನೇ ನೋಡುತ್ತಿದ್ದರು. ನಾನು ಮೇಜಿನ ಮೇಲಿನ ಪೆನ್ನೆತ್ತಿಕೊಂಡು, ಉಳಿದ ಐದು ಜನರ ಮನೆ ಎಲ್ಲೆಲ್ಲಿದೆ ಎಂದು ಅವಳನ್ನು ಕೇಳಿದೆ.